ಎಂವಿಗೆ ‘ಇಲ್ಲ’ ಅಂದ ಮಹಾರಾಜ

ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಯಾರು?

ಈ ಪ್ರಶ್ನೆಯನ್ನ ನಿಮ್ಮ ಯಾವುದಾದರೂ ವಾಟ್ಸಾಪ್ ಗ್ರೂಪಿಗೆ ಹಾಕಿ ನೋಡಿ. ಹತ್ತೇ ನಿಮಿಷದಲ್ಲಿ ಗ್ರೂಪು ಎರಡು ಹೋಳಾಗಿರುತ್ತೆ. ಒಂದು ಕಡೆಯವರು ‘ಇದೇನ್ ಪ್ರಶ್ನೆ, ಸರ್ ಎಂ. ವಿಶ್ವೇಶ್ವರಯ್ಯ’ ಅಂತಾರೆ. ಇನ್ನೊಂದು ಕಡೆಯವರು ‘ದುಡ್ಡು ಕೊಟ್ಟು, ರಿಸ್ಕ್ ತಗೊಂಡೋರು ನಾಲ್ವಡಿ ಕೃಷ್ಣರಾಜ ಒಡೆಯರ್, ಎಂಜಿನಿಯರ್ ಸಂಬಳ ತಗೊಂಡು ಕೆಲಸ ಮಾಡಿದ್ರು ಅಷ್ಟೇ’ ಅಂತಾರೆ. ಅಲ್ಲಿಂದ ಮಾತು ರಾಣಿಯವರ ಒಡವೆಗೆ ಹೋಗಿ, ಒಡವೆಯಿಂದ ಜಾತಿಗೆ ಜಾರಿ, ಕೊನೆಗೆ ಯಾರೋ ಒಬ್ಬರು ಗ್ರೂಪ್ ಬಿಟ್ಟು ಹೋಗಿರ್ತಾರೆ.

ಈ ಜಗಳದಲ್ಲಿ ಇಬ್ಬರಿಗೂ ಅನ್ಯಾಯ ಆಗ್ತಿದೆ ಅನ್ನೋದು ನನ್ನ ಅನಿಸಿಕೆ. ಎಂವಿ ಅವರನ್ನ ಬರೀ ಸಂಬಳದ ಎಂಜಿನಿಯರ್ ಮಾಡಿದರೆ ಅದು ಸುಳ್ಳು. ನಾಲ್ವಡಿಯವರನ್ನ ಬರೀ ಚೆಕ್‌ಗೆ ಸಹಿ ಹಾಕಿದ ರಾಜ ಅಂತ ನೋಡಿದರೆ ಅದು ಇನ್ನೂ ದೊಡ್ಡ ಸುಳ್ಳು. ಅವರಿಬ್ಬರ ನಡುವೆ 1909ರಿಂದ 1918ರ ತನಕ ನಡೆದದ್ದನ್ನ, ಆಮೇಲೆ ಆದದ್ದನ್ನ ಸ್ವಲ್ಪ ನಿಧಾನವಾಗಿ ನೋಡಿದರೆ, ದೊಡ್ಡ ನಾಯಕ ಅಂದರೆ ಯಾರು ಅನ್ನೋದಕ್ಕೆ ಲಿಂಕ್ಡ್‌ಇನ್‌ನಲ್ಲಿ ದಿನಾ ಬೆಳಗ್ಗೆ ಸಿಗುವ ಉತ್ತರಕ್ಕಿಂತ ಚೆನ್ನಾಗಿರುವ ಉತ್ತರ ಸಿಗುತ್ತೆ.

ಮೊದಲು ರಾಜರ ಕತೆ.

1894ರ ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಕಲ್ಕತ್ತಾಕ್ಕೆ ಹೋದವರು ಅಲ್ಲೇ ಡಿಫ್ತೀರಿಯಾದಿಂದ ತೀರಿಕೊಂಡರು. ದೊಡ್ಡ ಮಗ ಕೃಷ್ಣರಾಜನಿಗೆ ಆಗ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿ ಎಂಟು ವರ್ಷ ರಾಜ್ಯ ನೋಡಿಕೊಂಡರು. ಶಿವನಸಮುದ್ರದ ಜಲವಿದ್ಯುತ್ ಯೋಜನೆ ಆ ಕಾಲದ್ದೇ. 1902ರಲ್ಲಿ ಅಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅದೇ ವರ್ಷ ಆಗಸ್ಟ್ 8ರಂದು ವೈಸ್‌ರಾಯ್ ಕರ್ಜನ್ ಮೈಸೂರಿಗೆ ಬಂದು ಹದಿನೆಂಟರ ಹುಡುಗನ ಕೈಗೆ ಅಧಿಕಾರ ಒಪ್ಪಿಸಿದ.

ಆ ಹುಡುಗನ ಸ್ಥಿತಿ ಸ್ವಲ್ಪ ಊಹಿಸಿಕೊಳ್ಳಿ. ಸುತ್ತ ಇರುವ ದಿವಾನರು, ಕೌನ್ಸಿಲರುಗಳು, ಕಾರ್ಯದರ್ಶಿಗಳು ಎಲ್ಲರೂ ತಂದೆಯ ವಯಸ್ಸಿನವರು. ಮೇಲೆ ಕೂತು ನೋಡ್ತಾ ಇರೋಕೆ ಬ್ರಿಟಿಷ್ ರೆಸಿಡೆಂಟ್. ಪಾಠ ಹೇಳಿದ ಸ್ಟುವರ್ಟ್ ಫ್ರೇಸರ್ ಕೂಡ ಐಸಿಎಸ್ ಅಧಿಕಾರಿ. ಇಂಥ ಜಾಗದಲ್ಲಿ ಕೂತ ಹುಡುಗ ಎರಡರಲ್ಲಿ ಒಂದು ದಾರಿ ಹಿಡಿಯೋದು ಸಹಜ. ಒಂದೋ ಬೇಟೆ, ಕುದುರೆ, ಸಂಗೀತ ಅಂತ ಇದ್ದುಬಿಟ್ಟು ರಾಜ್ಯವನ್ನ ದಿವಾನರಿಗೆ ಬಿಡೋದು. ಇಲ್ಲಾ, ‘ರಾಜ ನಾನಾ ನೀವಾ’ ಅಂತ ಎಲ್ಲದಕ್ಕೂ ಮೂಗು ತೂರಿಸೋದು. ನಾಲ್ವಡಿಯವರಿಗೆ ಸಂಗೀತದ ಹುಚ್ಚು ಜೋರಾಗೇ ಇತ್ತು, ಆದರೆ ಅವರು ಈ ಎರಡೂ ದಾರಿ ಹಿಡಿಯಲಿಲ್ಲ. ಅವರು ಆರಿಸಿಕೊಂಡ ಕೆಲಸ ಒಂದೇ: ಯಾವ ಜಾಗಕ್ಕೆ ಯಾರು ಅಂತ ನೋಡೋದು.

ಈಗ ಎಂವಿ.

1909ರ ಹೊತ್ತಿಗೆ ಅವರಿಗೆ ಐವತ್ತರ ಆಸುಪಾಸು. ಮುದ್ದೇನಹಳ್ಳಿಯ ಹುಡುಗ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನ ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಬಾಂಬೆ ಪ್ರಾಂತ್ಯದ ಸೇವೆಯಲ್ಲಿ ದೊಡ್ಡ ಹೆಸರು ಮಾಡಿ, ಅವಧಿಗೆ ಮುಂಚೆಯೇ ಅದನ್ನ ಬಿಟ್ಟು, ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹದ ನಂತರದ ಕೆಲಸದಲ್ಲಿದ್ದರು. ಆಗ ಮೈಸೂರಿನಿಂದ ಕರೆ ಬಂತು, ಚೀಫ್ ಎಂಜಿನಿಯರ್ ಆಗಿ ಬನ್ನಿ ಅಂತ.

ಎಂವಿ ತಕ್ಷಣ ಹೂಂ ಅನ್ನಲಿಲ್ಲ. ಬರೀ ರಸ್ತೆ, ಕಟ್ಟಡ ನೋಡಿಕೊಂಡು ಕೂರೋ ಕೆಲಸ ಆದರೆ ತನಗೆ ಆಸಕ್ತಿ ಇಲ್ಲ, ಕೈಗಾರಿಕೆಗೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಸಂಬಂಧಪಟ್ಟ ದೊಡ್ಡ ಕೆಲಸ ಮಾಡೋ ಅವಕಾಶ ಇದೆಯಾ ಅಂತ ತಿರುಗಿ ಕೇಳಿದರು. ಆಫರ್ ಲೆಟರ್ ಕಳಿಸಿದ ಕಂಪನಿಗೆ ಕ್ಯಾಂಡಿಡೇಟ್ ಇಂಟರ್‌ವ್ಯೂ ಮಾಡಿದ ಹಾಗೆ! ಮೈಸೂರು ಅದಕ್ಕೆ ಒಪ್ಪಿತು. 1909ರ ನವೆಂಬರ್‌ನಲ್ಲಿ ಎಂವಿ ಬಂದರು. ರಾಜರಿಗೆ ಆಗ ಇಪ್ಪತ್ತೈದು.

ಎಂವಿ ಜೀವನಚರಿತ್ರೆಗಳಲ್ಲಿ ಬರುವ ಒಂದು ಪ್ರಸಂಗ ಇದೆ. ದಸರಾ ದರ್ಬಾರಿನಲ್ಲಿ ಯುರೋಪಿಯನ್ನರಿಗೆ ಕುರ್ಚಿ, ನಮ್ಮವರು ಎಷ್ಟೇ ದೊಡ್ಡ ಅಧಿಕಾರಿ ಆಗಿದ್ದರೂ ನೆಲದ ಮೇಲೆ. ಒಂದು ವರ್ಷ ಇದನ್ನ ನೋಡಿದ ಎಂವಿ ಮುಂದಿನ ವರ್ಷ ದರ್ಬಾರಿಗೆ ಹೋಗಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಅರಮನೆಯಿಂದ ವಿಚಾರಣೆ ಬಂದಾಗ ಕಾರಣವನ್ನ ನೇರವಾಗಿ ತಿಳಿಸಿದರು. ಆಮೇಲೆ ಎಲ್ಲರಿಗೂ ಕುರ್ಚಿ ಬಂತು. ಈ ಕತೆಯನ್ನ ನಾವು ಎಂವಿಯವರ ಧೈರ್ಯಕ್ಕೆ ಉದಾಹರಣೆಯಾಗಿ ಹೇಳ್ತೀವಿ, ಸರಿಯೇ. ಆದರೆ ಒಂದು ಕ್ಷಣ ಇನ್ನೊಂದು ಕಡೆಯಿಂದಲೂ ನೋಡಿ. ದರ್ಬಾರು ರಾಜರದ್ದು, ಸಂಪ್ರದಾಯ ರಾಜರ ಮನೆಯದ್ದು. ಹೊಸದಾಗಿ ಸೇರಿದ ಅಧಿಕಾರಿ ಹಬ್ಬದ ದಿನ ಗೈರುಹಾಜರಾಗಿ ‘ನಿಮ್ಮ ಪದ್ಧತಿ ತಪ್ಪು’ ಅಂತ ಹೇಳಿದ್ದಾನೆ. ಇದನ್ನ ಅವಮಾನ ಅಂತ ತಗೊಳ್ಳೋದು ಎಷ್ಟು ಸುಲಭ ಇತ್ತು!

ಇನ್ನು ಕಟ್ಟೆಯ ವಿಚಾರ.

ಕಾವೇರಿಗೆ ಅಣೆಕಟ್ಟು ಯಾಕೆ ಬೇಕಿತ್ತು? ನಾವು ಮಂಡ್ಯದ ಗದ್ದೆ ಅಂತೀವಿ. ಆದರೆ ಆಗಿನ ತುರ್ತು ಕರೆಂಟಿನದ್ದು. ಬೇಸಿಗೆಯಲ್ಲಿ ನದಿಯ ಹರಿವು ಕಮ್ಮಿ ಆದರೆ ಶಿವನಸಮುದ್ರದ ಉತ್ಪಾದನೆ ಬೀಳ್ತಿತ್ತು. ಗಣಿಗಳು ಮೈಸೂರಿನ ಬೊಕ್ಕಸಕ್ಕೆ ದುಡ್ಡು ತರುವ ಗಿರಾಕಿ, ಅವಕ್ಕೆ ವರ್ಷವಿಡೀ ಕರೆಂಟು ಬೇಕು. ಮೇಲೆ ನೀರು ಹಿಡಿದಿಟ್ಟರೆ ಕರೆಂಟೂ ಸಿಗುತ್ತೆ, ಮಳೆ ಕೈಕೊಟ್ಟರೆ ಒಣಗುವ ನೆಲಕ್ಕೆ ನೀರೂ ಸಿಗುತ್ತೆ ಅನ್ನೋದು ಎಂವಿ ಲೆಕ್ಕ.

ಹಣಕಾಸು ಇಲಾಖೆ ಒಪ್ಪಲಿಲ್ಲ. ಇಷ್ಟು ದೊಡ್ಡ ಮೊತ್ತ ಹಾಕಿದರೆ ಅದು ವಾಪಸ್ ಬರುತ್ತಾ ಅನ್ನೋದು ಅವರ ಪ್ರಶ್ನೆ. ಬಜೆಟ್ ಮೀಟಿಂಗ್‌ನಲ್ಲಿ ಕೂತವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಅದು ಮೂರ್ಖರ ಪ್ರಶ್ನೆ ಖಂಡಿತ ಅಲ್ಲ. ಫೈಲು ನಿಂತಿತು. ಎಂವಿಗೆ ಬೇಸರ ಬಂತು, ದೊಡ್ಡ ಕೆಲಸಕ್ಕೆ ಜಾಗ ಇಲ್ಲದಿದ್ದರೆ ಇಲ್ಲಿ ಇದ್ದು ಏನು ಪ್ರಯೋಜನ ಅನ್ನುವ ಮಟ್ಟಕ್ಕೆ. ಮಹಾರಾಜರು ಅವರಿಂದಲೇ ಯೋಜನೆಯನ್ನ ವಿವರವಾಗಿ ಕೇಳಿಸಿಕೊಂಡರು. 1911ರ ಅಕ್ಟೋಬರ್‌ನಲ್ಲಿ ಮಂಜೂರಾತಿ ಬಂತು. ಮುಂದಿನ ತಿಂಗಳೇ ಕೆಲಸ ಶುರು.

ಆಗ ರಾಜರ ವಯಸ್ಸು ಇಪ್ಪತ್ತೇಳು. ಇಪ್ಪತ್ತೇಳಕ್ಕೆ ನಮ್ಮಲ್ಲಿ ಹೆಚ್ಚಿನವರು ಸೀನಿಯರ್ ಅನ್ನೋ ಪದ ಯಾವಾಗ ಡೆಸಿಗ್ನೇಶನ್ನಿಗೆ ಸೇರುತ್ತೆ ಅಂತ ಕಾಯ್ತಾ ಇರ್ತೀವಿ.

ತೊಡಕು ಅಲ್ಲಿಗೆ ಮುಗಿಯಲಿಲ್ಲ. ಕೆಳಗಿನ ಮದ್ರಾಸ್ ಪ್ರಾಂತ್ಯ ತಕರಾರು ತೆಗೆಯಿತು. ಮೈಸೂರು ಕೇಳಿದ್ದು 41.5 ಟಿಎಂಸಿ ಹಿಡಿಯುವ ಜಲಾಶಯ. ಮೊದಲಿಗೆ ಅನುಮತಿ ಸಿಕ್ಕಿದ್ದು 11 ಟಿಎಂಸಿಗೆ ಮಾತ್ರ. ಮೈಸೂರು ಮಾಡಿದ್ದೇನು ಗೊತ್ತಾ? ಅನುಮತಿ ಸಣ್ಣದಕ್ಕೆ, ಅಡಿಪಾಯ ದೊಡ್ಡದಕ್ಕೆ! ಮದ್ರಾಸಿಗೆ ಸಿಟ್ಟು ಬಂತು, 1914ರಲ್ಲಿ ಗ್ರಿಫಿನ್ ಅನ್ನುವವರ ಮಧ್ಯಸ್ಥಿಕೆಯಲ್ಲಿ ಮೈಸೂರಿಗೆ ಅನುಕೂಲವಾದ ತೀರ್ಪು ಬಂತು, ಮದ್ರಾಸ್ ಅದನ್ನ ಒಪ್ಪದೆ ಮೇಲಕ್ಕೆ ಹೋಯಿತು, ಕೊನೆಗೆ 1924ರ ಒಪ್ಪಂದದ ತನಕ ಎಳೆದಾಟ ನಡೆಯಿತು. ಈಗಲೂ ಮಳೆಗಾಲ ಬಂದರೆ ಟೀವಿಯಲ್ಲಿ ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿತಾ ಅಂತ ನೋಡ್ತೀವಲ್ಲ, ಆ ಎತ್ತರ ಒಂದು ಡ್ರಾಯಿಂಗಿನಿಂದ ಬಂದದ್ದಲ್ಲ, ಹದಿಮೂರು ವರ್ಷದ ಹಟದಿಂದ ಬಂದದ್ದು. ಆ ಹಟದ ಬೆಲೆ ಕಟ್ಟಿದವರಲ್ಲಿ ನೀರಿನಡಿ ಊರು ಬಿಟ್ಟುಕೊಟ್ಟ ಹಳೆ ಕನ್ನಂಬಾಡಿಯ ಜನರೂ ಇದ್ದಾರೆ. ಅವರ ಹೆಸರು ಯಾವ ವಾಟ್ಸಾಪ್ ಜಗಳದಲ್ಲೂ ಬರಲ್ಲ.

1912ರಲ್ಲಿ ನಾಲ್ವಡಿಯವರು ಎಂವಿಯನ್ನ ದಿವಾನರನ್ನಾಗಿ ಮಾಡಿದರು. ದಿವಾನಗಿರಿ ಅಂದರೆ ಸಾಮಾನ್ಯವಾಗಿ ರೆವೆನ್ಯೂ, ಕಾನೂನು ಅರೆದು ಕುಡಿದ ಆಡಳಿತಗಾರರ ಜಾಗ. ಅಲ್ಲಿಗೆ ಎಂಜಿನಿಯರ್! ಮುಂದಿನ ಆರು ವರ್ಷ ಮೈಸೂರು ಓಡಿದ ವೇಗ ನಿಮಗೆ ಗೊತ್ತೇ ಇದೆ, ಪಟ್ಟಿ ಮಾತ್ರ ಹೇಳ್ತೀನಿ. 1913ರಲ್ಲಿ ಮೈಸೂರು ಬ್ಯಾಂಕು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ದೇಶೀ ಸಂಸ್ಥಾನವೊಂದರ ಮೊದಲ ಯೂನಿವರ್ಸಿಟಿ. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಚಾಲನೆ. ಶಾಲೆಗಳ ಸಂಖ್ಯೆ ಆರೇ ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚಾಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ನಾಯಕತ್ವದ ಒಂದು ಸುಂದರ ಪಾಠ. ನಿಮಗಿಂತ ಜಾಣರನ್ನ ಹುಡುಕಿ, ಅವರಿಗೆ ಜಾಗ ಕೊಡಿ, ಅಡ್ಡ ಬಂದವರನ್ನ ನೀವು ನೋಡಿಕೊಳ್ಳಿ, ಹೆಸರು ಅವರಿಗೆ ಬರಲಿ ಬಿಡಿ. ಮ್ಯಾನೇಜ್‌ಮೆಂಟ್ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ ಕೂಡ. ಆದರೆ ನಾಲ್ವಡಿಯವರ ನಿಜವಾದ ಪರೀಕ್ಷೆ ಶುರುವಾಗೋದೇ ಇಲ್ಲಿಂದ ಮುಂದೆ.

ಮೈಸೂರಿನಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇತ್ತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನ ಹಿಡಿದಿದ್ದರು. ಇದಕ್ಕೆ ಯಾರೋ ಕೂತು ಸಂಚು ಮಾಡಬೇಕಾಗಿರಲಿಲ್ಲ. ಇಂಗ್ಲಿಷ್ ಶಿಕ್ಷಣ ಮೊದಲು ಯಾರಿಗೆ ಸಿಕ್ಕಿತೋ ಅವರಿಗೆ ಕೆಲಸ ಸಿಕ್ಕಿತು, ಕೆಲಸ ಸಿಕ್ಕವರ ಮಕ್ಕಳು ಪಟ್ಟಣದಲ್ಲಿ ಓದಿದರು, ಮುಂದಿನ ಕೆಲಸವೂ ಅವರಿಗೇ. ನಮ್ಮ ಕಂಪನಿಗಳಲ್ಲಿ ರೆಫರಲ್ ನಡೆಯಲ್ವಾ, ಹಾಗೆ. ಈ ಹೊತ್ತಿಗೆ ಬೇರೆ ಸಮುದಾಯಗಳೂ ಎದ್ದು ಕೂತಿದ್ದವು. ಒಕ್ಕಲಿಗರ ಸಂಘ 1906ರಲ್ಲೇ ಶುರುವಾಗಿತ್ತು. ಲಿಂಗಾಯತರು, ಮುಸ್ಲಿಮರು ತಮ್ಮ ತಮ್ಮ ಸಂಘ ಮಾಡಿಕೊಂಡು ಮಕ್ಕಳ ಓದಿಗೆ ಹಣ ಕೂಡಿಸ್ತಿದ್ದರು. 1917ರಲ್ಲಿ ಇವರೆಲ್ಲ ಸೇರಿ ಪ್ರಜಾಮಿತ್ರ ಮಂಡಳಿ ಆಯಿತು. 1918ರಲ್ಲಿ ಅವರ ನಿಯೋಗ ನೇರವಾಗಿ ಮಹಾರಾಜರ ಮುಂದೆ ಹೋಗಿ ನಿಂತಿತು. ಕೇಳಿದ್ದು ಇಷ್ಟು: ಸರ್ಕಾರದ ಹುದ್ದೆಗಳಲ್ಲಿ ನಮಗೂ ನ್ಯಾಯವಾದ ಪಾಲು ಬೇಕು.

ಎಂವಿ ಇದಕ್ಕೆ ವಿರೋಧ. ಅವರ ವಾದ ಸ್ಥೂಲವಾಗಿ ಹೀಗಿತ್ತು: ಹುದ್ದೆಗೆ ಅರ್ಹತೆ ಒಂದೇ ಅಳತೆ ಆಗಿರಬೇಕು. ಅದನ್ನ ಸಡಿಲ ಮಾಡಿದರೆ ಆಡಳಿತದ ಗುಣಮಟ್ಟ ಬೀಳುತ್ತೆ, ಆಗ ನಷ್ಟ ಆಗೋದು ಎಲ್ಲರಿಗೂ. ಹಿಂದುಳಿದವರಿಗೆ ಕೊಡಬೇಕಾದ್ದು ಶಾಲೆ, ವಿದ್ಯಾರ್ಥಿವೇತನ. ಓದಿ ಬರಲಿ, ಹುದ್ದೆ ತಾನಾಗಿ ಸಿಗುತ್ತೆ.

ಈ ವಾದವನ್ನ ಬರೀ ಜಾತಿಯ ಸ್ವಾರ್ಥ ಅಂತ ತಳ್ಳಿಹಾಕೋದು ಸರಿಯಲ್ಲ. ಎಂವಿ ಬಾಯಿಮಾತಿಗೆ ಶಾಲೆ ಅಂದವರಲ್ಲ, ಕಟ್ಟಿಸಿದವರು. ಸ್ವತಃ ಕಷ್ಟಪಟ್ಟು, ಸರ್ಕಾರದ ನೆರವಿನಿಂದ ಓದಿ ಮೇಲೆ ಬಂದವರಿಗೆ ‘ಓದು ಕೊಡಿ, ಸಾಕು’ ಅನ್ನಿಸೋದು ಸಹಜ. ಇವತ್ತಿಗೂ ಆಫೀಸಿನ ಕಾಫಿ ಮಷೀನ್ ಹತ್ತಿರ ಮೀಸಲಾತಿ ಮಾತು ಬಂದಾಗ ಕೇಳೋ ವಾದ ಹೆಚ್ಚುಕಮ್ಮಿ ಇದೇ.

ಆದರೆ ಎದುರಿನ ವಾದಕ್ಕೂ ಗಟ್ಟಿ ನೆಲ ಇತ್ತು. ಶಾಲೆಗೆ ಈಗ ಸೇರಿದ ಮಗು ಅಮಲ್ದಾರ ಆಗೋಕೆ ಇಪ್ಪತ್ತು ವರ್ಷ ಬೇಕು. ಅಲ್ಲಿ ತನಕ ಹಳ್ಳಿಯ ರೈತ ಕಚೇರಿಗೆ ಹೋದರೆ ಎದುರಿಗೆ ಕೂತಿರೋನು ಅವನ ಬದುಕು ಗೊತ್ತಿಲ್ಲದವನೇ. ಅಧಿಕಾರ ಅನ್ನೋದು ಬರೀ ಪರೀಕ್ಷೆ ಪಾಸು ಮಾಡಿದ್ದಕ್ಕೆ ಸಿಗುವ ಬಹುಮಾನ ಅಲ್ಲ, ರಾಜ್ಯದಲ್ಲಿ ಯಾರಿಗೆ ಪಾಲಿದೆ ಅನ್ನೋದರ ಗುರುತು ಕೂಡ. ಹೊಸ ಶಾಲೆಗೆ ಮಕ್ಕಳನ್ನ ಕಳಿಸು ಅಂತ ಅಪ್ಪನಿಗೆ ಹೇಳಿದರೆ, ‘ಓದಿಸಿದರೆ ಏನು ಬಂತು, ಕೆಲಸ ನಮ್ಮೋರಿಗೆ ಕೊಡ್ತಾರಾ’ ಅಂತ ಅವನು ಕೇಳಿದರೆ ಏನು ಹೇಳೋದು?

ಎರಡೂ ಕಡೆ ಕೇಳಿಸಿಕೊಂಡ ಮೇಲೆ ತೀರ್ಮಾನ ಮಾಡಬೇಕಾಗಿದ್ದವರು ಒಬ್ಬರೇ.

ಸಂದರ್ಭ ನೋಡಿ. 1918. ಮಹಾಯುದ್ಧ ಇನ್ನೂ ಮುಗಿಯುತ್ತಿತ್ತು, ಧಾನ್ಯದ ಬೆಲೆ ಏರಿತ್ತು, ಇನ್‌ಫ್ಲುಯೆಂಜಾ ಜನರನ್ನ ಕೊಲ್ಲುತ್ತಾ ಬರ್ತಿತ್ತು. ಕಟ್ಟೆ ಅರ್ಧಕ್ಕಿದೆ. ಭದ್ರಾವತಿಯಲ್ಲಿ ಕೆಲಸ ಈಗಷ್ಟೇ ಶುರು. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ನಡೆಸುತ್ತಿರುವವರು ಎಂವಿ. ಯಾವುದೇ ಲೆಕ್ಕದಲ್ಲಿ ಇದು ಎಂವಿಯನ್ನ ಕಳೆದುಕೊಳ್ಳುವ ಹೊತ್ತಲ್ಲ. ‘ನೋಡೋಣ, ಮಾಡೋಣ’ ಅಂತ ನಿಯೋಗವನ್ನ ಎರಡು ವರ್ಷ ತಳ್ಳಬಹುದಿತ್ತು. ರಾಜರನ್ನ ಪ್ರಶ್ನಿಸುವವರು ಯಾರು? ಚುನಾವಣೆ ಇಲ್ಲ, ಸೋಲುವ ಭಯ ಇಲ್ಲ.

ನಾಲ್ವಡಿಯವರು ತಳ್ಳಲಿಲ್ಲ. ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಎಂವಿಗೆ ತಾನು ನಂಬಿದ ತತ್ವಕ್ಕೆ ವಿರುದ್ಧವಾದ ನೀತಿಯನ್ನ ದಿವಾನನಾಗಿ ಜಾರಿ ಮಾಡುವ ಮನಸ್ಸಿರಲಿಲ್ಲ. 1918ರ ಕೊನೆಗೆ ಅವರು ಹೊರಟರು.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಅಂತ. 1921ರಲ್ಲಿ ಸರ್ಕಾರದ ಆದೇಶ ಆಯಿತು. ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲೇ ಇಂಥದ್ದನ್ನ ಮಾಡಿದ್ದರು, ಹಾಗಾಗಿ ಮೈಸೂರು ಮೊದಲನೆಯದಲ್ಲ. ಆದರೆ ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಕಾಲದ ಹಾವನೂರು ಆಯೋಗದವರೆಗೆ, ಅಲ್ಲಿಂದ ಇವತ್ತಿನವರೆಗೆ ಬಂದಿರುವ ದಾರಿಗೆ ಮೊದಲ ಮೈಲಿಗಲ್ಲು ಅದೇ.

ಈ ತೀರ್ಮಾನ ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಆಡಬಹುದು. ನನಗೆ ಸರಿ ಅನ್ನಿಸುತ್ತೆ. ನಿಮಗೆ ಅನ್ನಿಸದಿದ್ದರೂ, ಅದನ್ನ ಮಾಡಿದ ರೀತಿಯಲ್ಲಿ ಕಲಿಯೋದಿದೆ.

ಜಾಣರನ್ನ ಕೆಲಸಕ್ಕೆ ತಗೊಂಡ ಮೇಲೆ ಎಲ್ಲ ಬಾಸ್‌ಗಳಿಗೂ ಒಂದು ಅಪಾಯ ಕಾದಿರುತ್ತೆ. ನಿಧಾನವಾಗಿ ಆ ಜಾಣರ ಅಭಿಪ್ರಾಯವೇ ನಿಮ್ಮ ಅಭಿಪ್ರಾಯ ಆಗಿಬಿಡುತ್ತೆ. ಹತ್ತು ಸಲ ಅವರೇ ಸರಿಯಾಗಿದ್ದರು, ಹನ್ನೊಂದನೇ ಸಲ ಪ್ರಶ್ನೆ ಮಾಡೋಕೆ ಬಾಯಿ ಬರಲ್ಲ. ಅಣೆಕಟ್ಟಿನ ಲೆಕ್ಕ ಎಂವಿಗೆ ಗೊತ್ತಿದ್ದಷ್ಟು ಮೈಸೂರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಲ್ಲಿ ರಾಜರು ಅವರನ್ನ ನಂಬಿದರು. ಆದರೆ ರಾಜ್ಯ ಯಾರಿಗೆ ಸೇರಿದ್ದು ಅನ್ನೋದು ಎಂಜಿನಿಯರಿಂಗ್ ಲೆಕ್ಕ ಅಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ತಾವು ಅಂತ ಮೂವತ್ನಾಲ್ಕರ ರಾಜರಿಗೆ ಗೊತ್ತಿತ್ತು. ಯಾವ ಪ್ರಶ್ನೆಯನ್ನ ತಜ್ಞರಿಗೆ ಬಿಡಬೇಕು, ಯಾವುದನ್ನ ಬಿಡಬಾರದು ಅಂತ ಗೊತ್ತಿರೋದು ಇದೆಯಲ್ಲ, ನನ್ನ ಮಟ್ಟಿಗೆ ದೊಡ್ಡ ನಾಯಕನ ಮೊದಲ ಗುಣ ಅದು. ಎರಡನೇದು, ಆ ತೀರ್ಮಾನದ ಬೆಲೆಯನ್ನ ತಾನೇ ಕೊಡೋದು. ತನ್ನ ಅತ್ಯುತ್ತಮ ದಿವಾನರನ್ನ ಕಳೆದುಕೊಂಡದ್ದು ರಾಜರೇ, ಬೇರೆ ಯಾರೂ ಅಲ್ಲ.

ಎಂವಿ ಜಾಗಕ್ಕೆ ಬಂದವರು ಸರ್ದಾರ್ ಎಂ. ಕಾಂತರಾಜ ಅರಸ್, ರಾಜರ ಸೋದರಮಾವ, ಜೊತೆಗೆ ಅಕ್ಕನ ಗಂಡ. ‘ಮೆರಿಟ್ ಹೋಯ್ತು, ನೆಂಟಸ್ತಿಕೆ ಬಂತು’ ಅಂತ ಆಗಲೂ ಆಡಿಕೊಳ್ಳೋಕೆ ಜಾಗ ಇತ್ತು, ಈಗಲೂ ಇದೆ. ಅವರು ಎಂವಿಯಂಥ ದೈತ್ಯ ಅಲ್ಲ, ನಿಜ. ಆದರೆ 1881ರಲ್ಲಿ ರಾಜ್ಯ ಒಡೆಯರಿಗೆ ವಾಪಸ್ ಬಂದ ಮೇಲೆ ದಿವಾನರಾದ ಮೊದಲ ಬ್ರಾಹ್ಮಣೇತರರು ಅವರೇ. ಅನುಭವಿ ಆಡಳಿತಗಾರರೂ ಹೌದು. 1921ರ ಆದೇಶ ಹೊರಟದ್ದು ಅವರ ಕಾಲದಲ್ಲಿ.

ಈಗ ಕಟ್ಟೆಗೆ ವಾಪಸ್ ಬನ್ನಿ. ಎಂವಿ ಹೋದಾಗ ಅದು ಅರ್ಧಕ್ಕಿತ್ತು ಅಂದೆ. ನಿಂತುಹೋಯಿತಾ? ಇಲ್ಲ. ಕಾಂತರಾಜ ಅರಸ್, ಆಮೇಲೆ ಆಲ್ಬಿಯನ್ ಬ್ಯಾನರ್ಜಿ, ಆಮೇಲೆ ಮಿರ್ಜಾ ಇಸ್ಮಾಯಿಲ್, ಹೀಗೆ ಮೂವರು ದಿವಾನರ ಕಾಲದಲ್ಲಿ ಕೆಲಸ ನಡೆದು 1930ರ ದಶಕದ ಆರಂಭದಲ್ಲಿ ಮುಗಿಯಿತು. ನಾಲೆ ಹರಿಯಿತು, ಮಂಡ್ಯ ಹಸಿರಾಯಿತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ನಮ್ಮ ಸಾಫ್ಟ್‌ವೇರ್ ಟೀಮುಗಳಲ್ಲಿ ಒಂದು ಕ್ರೂರ ಪ್ರಶ್ನೆ ಕೇಳ್ತಾರೆ: ಈ ಮನುಷ್ಯನಿಗೆ ನಾಳೆ ಬಸ್ಸು ಗುದ್ದಿದರೆ ಪ್ರಾಜೆಕ್ಟ್ ಉಳಿಯುತ್ತಾ? ಎಂವಿಯಂಥ ಎಂವಿ ಹೋದರೂ ಮೈಸೂರಿನ ಪ್ರಾಜೆಕ್ಟ್ ಉಳಿಯಿತು. ಅದರಲ್ಲಿ ಎಂವಿ ಕಟ್ಟಿದ ವ್ಯವಸ್ಥೆಯ ಪಾಲೂ ಇದೆ. ನಾಲ್ವಡಿ ಅನ್ನುವ ಬದಲಾಗದ ಬಿಂದುವಿನ ಪಾಲೂ ಇದೆ.

ಇನ್ನೂ ಚೆಂದದ ಸಂಗತಿ ಮುಂದಿದೆ.

ಭದ್ರಾವತಿಯ ಕಾರ್ಖಾನೆ ಕಣ್ಣು ಬಿಡುವ ಹೊತ್ತಿಗೆ ಯುದ್ಧಕಾಲದ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ನಷ್ಟ. ಮುಚ್ಚಿ ಅನ್ನುವವರು ಕಮ್ಮಿ ಇರಲಿಲ್ಲ. 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬನ್ನಿ ಅಂತ ಮೈಸೂರು ಕರೆದದ್ದು ಯಾರನ್ನ? ಐದು ವರ್ಷದ ಹಿಂದೆ ಭಿನ್ನಾಭಿಪ್ರಾಯ ಆಗಿ ಬಿಟ್ಟು ಹೋದ ಎಂವಿಯನ್ನೇ. ‘ಅವತ್ತು ಬಿಟ್ಟು ಹೋದೋರು ತಾನೇ’ ಅಂತ ರಾಜರು ಅನ್ನಲಿಲ್ಲ. ‘ಅವತ್ತು ನನ್ನ ಮಾತು ಕೇಳಲಿಲ್ಲ ತಾನೇ’ ಅಂತ ಎಂವಿಯೂ ಅನ್ನಲಿಲ್ಲ. ಬಂದರು, ಅಮೆರಿಕನ್ನರ ಕೈಯಲ್ಲಿದ್ದ ಕಾರ್ಖಾನೆಯನ್ನ ನಮ್ಮವರ ಕೈಗೆ ತಂದರು, 1929ರ ತನಕ ನಿಂತು ಅದನ್ನ ದಡ ಸೇರಿಸಿದರು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯಲ್ಲಿ ಹುಡುಗರಿಗೆ ವೃತ್ತಿ ಕಲಿಸುವ ಸಂಸ್ಥೆ ಮಾಡಿ ಅಂದರು. ಅದಕ್ಕೆ ತಮ್ಮ ಹೆಸರು ಬೇಡ ಅಂತ ರಾಜಮನೆತನದ ಹೆಸರಿಡಿಸಿದರು. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್ ಅದು. ಎಸ್‌ಜೆ ಅಂದರೆ ಶ್ರೀ ಜಯಚಾಮರಾಜೇಂದ್ರ, ನಾಲ್ವಡಿಯವರ ನಂತರ ಪಟ್ಟಕ್ಕೆ ಬಂದವರು.

ಕೆಲಸ ಬಿಟ್ಟು ಹೋದವರ ಬಗ್ಗೆ ಮಾರನೇ ದಿನದಿಂದಲೇ ಬೇರೆ ರಾಗ ಹಾಡೋ ಬಾಸ್‌ಗಳನ್ನ ನಾವೆಲ್ಲ ನೋಡಿದ್ದೀವಿ. ನಾಲ್ಕು ವರ್ಷ ಜೊತೆಗಿದ್ದು ಹೊರಟ ದಿನ ಸೆಂಡ್‌ಆಫ್ ಮೇಲ್ ಕೂಡ ಬಾರದ ಕಡೆಗಳಿವೆ. ಹಾಗಾಗಿ 1923ರ ಆ ಕರೆಗೆ ನಾನು 1911ರ ಮಂಜೂರಾತಿಯಷ್ಟೇ ಬೆಲೆ ಕೊಡ್ತೀನಿ. ಭಿನ್ನಾಭಿಪ್ರಾಯ ಒಂದು ವಿಷಯದ ಮೇಲಿತ್ತು. ಅದು ಮನುಷ್ಯನ ಮೇಲೆ ಹರಡಲಿಲ್ಲ.

ಹಾಗಂತ ನಾಲ್ವಡಿಯವರನ್ನ ದೇವರ ಪಟದ ಪಕ್ಕ ತೂಗುಹಾಕೋದು ಬೇಡ. ಗಾಂಧೀಜಿ ಅವರನ್ನ ರಾಜರ್ಷಿ ಅಂದರು, ಅದು ಸರಿ. ಆದರೆ ಎಂಥಾ ಒಳ್ಳೆಯ ರಾಜನಾದರೂ ರಾಜನೇ. ಅವರು ಅಧಿಕಾರವನ್ನ ದಿವಾನರ ಜೊತೆ ಹಂಚಿಕೊಂಡರು, ಕಚೇರಿಗಳಲ್ಲಿ ಹೊಸ ಸಮುದಾಯಗಳಿಗೆ ಬಾಗಿಲು ತೆಗೆದರು. ಜನರೇ ಆರಿಸಿದವರ ಕೈಗೆ ಸರ್ಕಾರ ಕೊಡಿ ಅಂತ ಕೂಗು ಎದ್ದಾಗ ಮಾತ್ರ ಆ ಬಾಗಿಲು ತೆರೆಯಲಿಲ್ಲ. 1938ರ ಏಪ್ರಿಲ್‌ನಲ್ಲಿ ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಮಾದರಿ ಸಂಸ್ಥಾನ ಅನ್ನುವ ಹೆಸರಿನ ಮೇಲೆ ಆ ಕಲೆ ಇದ್ದೇ ಇದೆ. ಅದಾದ ಮೇಲೆ ಧ್ವಜದ ವಿಚಾರದಲ್ಲಿ ರಾಜಿ ಆಯಿತು. ಜವಾಬ್ದಾರಿ ಸರ್ಕಾರ ಬರೋಕೆ ಮಾತ್ರ ದೇಶಕ್ಕೆ ಸ್ವಾತಂತ್ರ್ಯ ಬರುವ ತನಕ ಕಾಯಬೇಕಾಯಿತು. ನಾಲ್ವಡಿಯವರು ಅಷ್ಟರಲ್ಲಿ ಇರಲಿಲ್ಲ, 1940ರ ಆಗಸ್ಟ್ 3ರಂದು ತೀರಿಕೊಂಡಿದ್ದರು.

ಇದನ್ನ ಹೇಳೋದು ಅವರನ್ನ ಕೆಳಗಿಳಿಸೋಕಲ್ಲ. 1918ರಲ್ಲಿ ಪಾಲು ಕೇಳಲು ಬಂದವರಿಗೆ ಕಿವಿ ಕೊಟ್ಟ ರಾಜ್ಯಕ್ಕೆ ಇಪ್ಪತ್ತು ವರ್ಷದ ಮೇಲೆ ಅದೇ ಪ್ರಶ್ನೆಯ ಮುಂದಿನ ಕಂತು ಕೇಳಿಸಲಿಲ್ಲ. ಮೊದಲ ಸಲ ಕೊಟ್ಟ ಪಾಲು ಆಡಳಿತದ ಒಳಗಿನದ್ದು. ಎರಡನೇ ಸಲ ಕೇಳಿದ್ದು ಸಿಂಹಾಸನದ ಬುಡದ್ದು. ಅಂಥದ್ದನ್ನ ತಾನಾಗಿ ಬಿಟ್ಟುಕೊಟ್ಟವರು ಚರಿತ್ರೆಯಲ್ಲಿ ಬೆರಳೆಣಿಕೆಯಷ್ಟು.

ಆದರೂ ಮೂವತ್ತೆಂಟು ವರ್ಷದ ಆಳ್ವಿಕೆಯಲ್ಲಿ ಯಾವ ಹೊತ್ತು ದೊಡ್ಡದು ಅಂತ ಕೇಳಿದರೆ ನಾನು ಕಟ್ಟೆಯನ್ನ ತೋರಿಸಲ್ಲ. ಕಟ್ಟೆ ಕಟ್ಟೋಕೆ ಒಬ್ಬ ಎಂವಿ ಸಿಗಬೇಕು, ಸಿಕ್ಕರು. 1918ರ ತೀರ್ಮಾನಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಇದ್ದ ಅತಿ ಜಾಣ ಮನುಷ್ಯ ಬೇಡ ಅಂತಿದ್ದರು.

ಮುಂದಿನ ಸಲ ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡಾಗ ಮೊಬೈಲ್ ಕೆಳಗಿಟ್ಟು ಸುತ್ತ ನೋಡಿ. ಸರ್ಕಲ್ಲಿಗೆ ಕೃಷ್ಣರಾಜೇಂದ್ರರ ಹೆಸರು. ಅಲ್ಲೇ ಇರುವ, ಎಂವಿ ಶುರು ಮಾಡಿದ ಎಂಜಿನಿಯರಿಂಗ್ ಕಾಲೇಜಿಗೆ ಈಗ ವಿಶ್ವೇಶ್ವರಯ್ಯನವರ ಹೆಸರು, ಹತ್ತಿರದ ಮೆಟ್ರೋ ಸ್ಟೇಷನ್ನಿಗೂ ಅವರದ್ದೇ. ಪಕ್ಕದಲ್ಲೇ ಎಂವಿಯ ಸಂಭಾವನೆಯಿಂದ ಹುಟ್ಟಿ ರಾಜರ ಹೆಸರು ಹೊತ್ತ ಪಾಲಿಟೆಕ್ನಿಕ್. ಯಾರು ದೊಡ್ಡವರು ಅಂತ ನಾವು ಜಗಳ ಆಡ್ತಾನೇ ಇದ್ದೀವಿ. ಅವರಿಬ್ಬರು ಮಾತ್ರ ನೂರು ವರ್ಷದಿಂದ ಅಕ್ಕಪಕ್ಕದಲ್ಲೇ ಇದ್ದಾರೆ.